ಮೂರನೆಯವಳಿಗಾಗಿ ಬಿಟ್ಟ ಕಾಫಿ

ನಮ್ಮ ಮನೆಯಲ್ಲಿ ನಗುವಂಥ ಸಂಗತಿಗಳು ಮೊದಲೂ ನಡೆಯುತ್ತಿದ್ದವು. ಆದರೆ ಆ ಪುಸ್ತಕಗಳು ಹೊಸಿಲು ದಾಟಿ ಒಳಗೆ ಬಂದ ಮೇಲೆ, ಅಂಥದ್ದೊಂದು ನಡೆಯದೆ ವಾರ ಕಳೆದರೆ ಏನೋ ಮರೆತ ಹಾಗೆ ಅನ್ನಿಸತೊಡಗಿತು.

ನಾನು ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು, ಅದೂ ಇಂಗ್ಲಿಷ್ ಐಚ್ಛಿಕವಾಗಿ ತೆಗೆದುಕೊಂಡು. ಮದುವೆಯಾಗಿ ಕೊಪ್ಪಕ್ಕೆ ಬಂದಾಗ ಬಸ್‌ಸ್ಟ್ಯಾಂಡಿನ ಹಿಂದಿನ ನಮ್ಮ ಬೀದಿಯಲ್ಲಿ ಪದವಿ ಇದ್ದ ಹೆಂಗಸು ನಾನೊಬ್ಬಳೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ. ದಾಖಲೆ ಇಡುವುದು ನನ್ನ ಅಭ್ಯಾಸ. ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ಮಳೆ ಹಿಡಿದದ್ದು, ಮಳೆ ಬಿಟ್ಟದ್ದು, ಯಾರ ಮನೆಯ ಮದುವೆಗೆ ಯಾವ ಸೀರೆ ಉಟ್ಟೆ ಎಂಬುದು, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ವರ್ಷ ಮುಗಿದರೂ ಕ್ಯಾಲೆಂಡರನ್ನು ಎಸೆಯುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಉತ್ಪ್ರೇಕ್ಷೆ ಇದೆ ಎಂದು ಯಾರಾದರೂ ಹೇಳಿದರೆ ಮನೆಗೆ ಬಂದು ನೋಡಬಹುದು.

ಪುಸ್ತಕಗಳು ಹದಿಹರೆಯದ ಹುಡುಗಿಯರಿಗಾಗಿ ಬರೆದ ಒಂದು ಇಂಗ್ಲಿಷ್ ಕಾದಂಬರಿ ಮಾಲೆ. ಎಲ್ಲೋ ದೂರದೇಶದ ಸಮುದ್ರತೀರದಲ್ಲಿ ಒಂದು ಸಣ್ಣ ಊರು. ನಾಲ್ವರು ಅಕ್ಕತಂಗಿಯರು. ಬೇಕರಿ ನಡೆಸುವ ತಾಯಿ. ಹಡಗಿನಲ್ಲಿ ಕೆಲಸಕ್ಕಿರುವ, ವರ್ಷಕ್ಕೊಮ್ಮೆ ಮುಖ ತೋರಿಸುವ ತಂದೆ. ಒಟ್ಟು ಏಳು ಭಾಗ. ಏಳನೆಯದು ಆಗ ಇನ್ನೂ ಬಂದಿರಲಿಲ್ಲ. ಹುಡುಗಿಯರ ಹೆಸರುಗಳು ನಮ್ಮ ಮನೆಯವರ ಬಾಯಲ್ಲಿ ತಿರುಗದ್ದರಿಂದ ದೊಡ್ಡವಳು, ಎರಡನೆಯವಳು, ಮೂರನೆಯವಳು, ಕಿರಿಯವಳು ಎಂದೇ ಕರೆದೆವು. ಇದರಲ್ಲಿ ಮೂರನೆಯವಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಹಟಮಾರಿ, ಎದೆ ಸ್ವಲ್ಪ ದುರ್ಬಲ, ಮಾತು ಬಿಟ್ಟರೆ ತಿಂಗಳುಗಟ್ಟಲೆ ಬಿಟ್ಟಳು. ಅವಳ ದೆಸೆಯಿಂದ ಕೊನೆಗೆ ನಮ್ಮ ಮನೆಯ ಒಬ್ಬರ ಕಾಫಿಗೇ ಸಂಚಕಾರ ಬಂತು.

೧. ಬೀಗ ಹಾಕಿದ ಕಪಾಟು

ಮೊಮ್ಮಗಳು ಆಗ ಎಸ್.ಎಸ್.ಎಲ್.ಸಿ. ವಿಜ್ಞಾನದ ಗೈಡಿನ ಒಳಗೆ ಈ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದಳು. ನನ್ನ ಸೊಸೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಇಂಥ ಕಳ್ಳತನ ಹಿಡಿಯುವುದು ಅವಳ ದಿನನಿತ್ಯದ ಕಸುಬು. ಎಲ್ಲ ಪುಸ್ತಕಗಳನ್ನೂ ತಂದು ನನ್ನ ಮುಂದೆ ಇಟ್ಟಳು.

"ಅತ್ತೆ, ಇವನ್ನು ನಿಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿ. ಪರೀಕ್ಷೆ ಮುಗಿಯುವ ತನಕ ಅವಳು ಕಾಲಿಗೆ ಬಿದ್ದರೂ ಕೊಡಬೇಡಿ."

ಕೊಡಲಿಲ್ಲ. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

ಆದರೆ ಮನೆಯ ಮಗು ಏನು ಓದುತ್ತಿದೆ ಎಂದು ಹಿರಿಯರಾದವರು ನೋಡಬೇಕೋ ಬೇಡವೋ? ಆ ಉದ್ದೇಶದಿಂದ ಮೊದಲನೆಯದನ್ನು ಹೊರತೆಗೆದೆ. ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಸಿಗಲಿಲ್ಲ. ಹಾಗಾಗಿ ಎರಡನೆಯದನ್ನು ನೋಡಬೇಕಾಯಿತು. ಅದರಲ್ಲೂ ಸಿಗಲಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ, ಮಧ್ಯಾಹ್ನದ ಊಟವಾದ ಕೂಡಲೇ "ಸ್ವಲ್ಪ ತಲೆನೋವು" ಎಂದು ಬಾಗಿಲು ಮುಂದೆ ಮಾಡಿಕೊಳ್ಳುವುದು ರೂಢಿಯಾಗಿತ್ತು.

ಒಂದು ದಿನ ಮೊಮ್ಮಗಳು ಹಿತ್ತಲ ಬಾಗಿಲಲ್ಲಿ ನನ್ನನ್ನು ಅಡ್ಡಗಟ್ಟಿದಳು.

"ಅಜ್ಜಿ, ಒಂದೇ ಒಂದು ವಿಷಯ ಹೇಳಿ. ಮೂರನೆಯವಳು ಅಮ್ಮನ ಹತ್ತಿರ ಮಾತು ಬಿಟ್ಟಿದ್ದಳಲ್ಲ, ಆಮೇಲೆ ಮಾತಾಡಿದಳಾ?"

"ನನಗೆ ಹೇಗೆ ಗೊತ್ತು? ಕಪಾಟಿಗೆ ಬೀಗ ಹಾಕಿದೆ."

"ನಿಮ್ಮ ಕಣ್ಣು ಕೆಂಪಗಿದೆ. ಅತ್ತಿದ್ದೀರಿ. ಅಂದರೆ ಮಾತಾಡಿದ್ದಾಳೆ."

"ಕಥೆಯ ಕೊನೆ ಮೊದಲೇ ಹೇಳುವುದು ಅಂದರೆ ಬೇರೆಯವರ ಎಲೆಯಿಂದ ಹೋಳಿಗೆ ಎತ್ತಿ ತಿಂದ ಹಾಗೆ," ಎಂದೆ. "ಹೋಗು, ಹೋಗಿ ಓದಿಕೋ."

ಈ ಮಾತು ಚೆನ್ನಾಗಿದೆ ಎಂದು ಆಗ ನನಗೇ ಅನ್ನಿಸಿತ್ತು. ಮುಂದೆ ಅದು ನನ್ನ ಮೇಲೇ ತಿರುಗಿ ಬರುತ್ತದೆಂದು ಗೊತ್ತಿರಲಿಲ್ಲ.

ಯುಗಾದಿಗೆ ಮುಂಚೆ ಸೊಸೆ ನನ್ನ ಕಪಾಟಿನ ಧೂಳು ಒರೆಸಲು ಕೀಲಿಕೈ ಕೇಳಿದಳು. ಕೊಟ್ಟೆ; ಯೋಚಿಸದೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಕೂಗು. "ಏ ಕೂಸೇ, ಬಾ ಇಲ್ಲಿ! ಕಪಾಟು ತೆಗೆದು ಓದುತ್ತಾ ಇದ್ದೀಯಲ್ಲ? ನಾಲ್ಕನೇ ಪುಸ್ತಕದ ನಡುವೆ ಗುರುತಿಗೆ ಇಟ್ಟದ್ದು ಯಾರು?"

ಮೊಮ್ಮಗಳು ಬಂದಳು. ಪುಸ್ತಕ ನೋಡಿದಳು. ಗುರುತಿಗೆ ಇಟ್ಟಿದ್ದನ್ನು ಎರಡು ಬೆರಳಲ್ಲಿ ಎತ್ತಿ ಅಮ್ಮನ ಮುಂದೆ ಹಿಡಿದಳು.

"ಅಮ್ಮ, ನನಗೆ ಬಿ.ಪಿ. ಮಾತ್ರೆ ಶುರುವಾದದ್ದು ಯಾವಾಗ?"

೨. ಬೇಕರಿಯ ಕೋಳಿಗಳು

ಪರೀಕ್ಷೆ ಮುಗಿಯಿತು, ಕಪಾಟು ತೆರೆಯಿತು. ಅದೇ ಹೊತ್ತಿಗೆ ಹರಿಹರಪುರದಿಂದ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಗೆ ಬಂದಳು. ಬಗ್ಗುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ, ಟಿ.ವಿ. ನೋಡುವಂತಿಲ್ಲ. ಕೆಲಸವಿಲ್ಲದೆ ಒಂದು ಗಳಿಗೆ ಕೂತವಳಲ್ಲ ಅವಳು. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ, ದಿನವಿಡೀ ನಮ್ಮೆಲ್ಲರ ಕೆಲಸದಲ್ಲಿ ಶಬ್ದದಿಂದಲೇ ತಪ್ಪು ಹಿಡಿಯುತ್ತಿದ್ದಳು. "ಸಾಸಿವೆ ಸೀದಿತು. ಕೇಳಿತು ನನಗೆ."

ಕೊನೆಗೆ ಅವಳೇ ಹೇಳಿದಳು. "ಅಕ್ಕ, ನೀವು ಬಿ.ಎ. ಮಾಡಿದ್ದು ಎಂತಕ್ಕೆ? ಆ ಪುಸ್ತಕ ಓದಿ ಹೇಳಿ."

ಹೀಗೆ ನಮ್ಮ ಮಧ್ಯಾಹ್ನದ ಓದು ಶುರುವಾಯಿತು. ನಾನು ಇಂಗ್ಲಿಷಿನಲ್ಲಿ ಒಂದು ಪುಟ ಕಣ್ಣಾಡಿಸುವುದು, ಕನ್ನಡದಲ್ಲಿ ಹೇಳುವುದು. ಓರಗಿತ್ತಿ ಕೇಳುವುದು, ಮೊಮ್ಮಗಳು ತಪ್ಪಿದರೆ ತಿದ್ದುವುದು. ಅಡಿಕೆ ಮಂಡಿಯ ಕೆಲಸದಿಂದ ನಿವೃತ್ತರಾಗಿದ್ದ ನಮ್ಮ ಯಜಮಾನರು ಹೊರಗೆ ಜಗಲಿಯಲ್ಲಿ ಪೇಪರು ಓದುತ್ತ ಕೂರುವುದು. ಅವರು ಕೇಳುತ್ತಿರಲಿಲ್ಲವಂತೆ. ಆದರೆ ನಾನು ದನಿ ತಗ್ಗಿಸಿದರೆ ಹೊರಗಿನಿಂದ ಕೆಮ್ಮು ಬರುತ್ತಿತ್ತು.

ಮೊದಲ ದಿನವೇ ತೊಡಕು. ತಾಯಿ ಬೇಕರಿಯಲ್ಲಿ ಕೇಕು ಮಾಡುತ್ತಾಳೆ. "ಹನ್ನೆರಡು ಮೊಟ್ಟೆ ಒಡೆದು..." ಎಂದು ನಾನು ಹೇಳುತ್ತಿದ್ದಂತೆ ಓರಗಿತ್ತಿಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಮೊಟ್ಟೆ ಎಂಬ ಶಬ್ದ ಕೇಳಿದರೆ ಆ ದಿನ ಊಟ ಸೇರದವಳು ಅವಳು.

ನಾನು ಮೂಲಕ್ಕೆ ನಿಷ್ಠಳಾಗಿ ಇರಬೇಕೆನ್ನುವವಳು. ಆದರೆ ಕೇಳುವವಳು ಕಣ್ಣಿನ ಆಪರೇಷನ್ ಆದವಳು. ಮರುದಿನದಿಂದ ಆ ತಾಯಿ ಬರೀ ಬೆಣ್ಣೆ, ಸಕ್ಕರೆ, ಏಲಕ್ಕಿ ಹಾಕಿ ಕೇಕು ಮಾಡತೊಡಗಿದಳು. ಓರಗಿತ್ತಿಗೆ ಅವಳ ಮೇಲೆ ಗೌರವ ಹುಟ್ಟಿತು. "ಎಷ್ಟು ಶುದ್ಧ ಹೆಂಗಸು ಅಕ್ಕ! ಗಂಡ ಹತ್ತಿರ ಇಲ್ಲದಿದ್ದರೂ ನಾಲ್ಕು ಮಕ್ಕಳನ್ನು ಹೇಗೆ ಬೆಳೆಸಿದಾಳೆ ನೋಡಿ."

ಮೂರನೆಯ ಭಾಗದಲ್ಲಿ ನನ್ನ ಮರ್ಯಾದೆ ಹೋಗುವ ಹೊತ್ತು ಬಂತು. ಬೇಕರಿಗೆ ಮೊಟ್ಟೆ ಒದಗಿಸಲೆಂದು ಎರಡನೆಯವಳು ಕೋಳಿ ಸಾಕುತ್ತಾಳೆ. ಹಿತ್ತಲ ತುಂಬ ಕೋಳಿ. ಕಥೆಯ ಅರ್ಧಭಾಗ ಆ ಕೋಳಿಗಳ ಹಿಂದೆಯೇ ಓಡುತ್ತದೆ. ಅವನ್ನು ಬಿಟ್ಟು ಹೇಳಿದರೆ ಕಥೆಯೇ ಉಳಿಯುವುದಿಲ್ಲ. ಮೊಮ್ಮಗಳು ತುಟಿ ಕಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದಳು.

"ಕೋಳಿ ಸಾಕಿದಾರೆ," ಎಂದೆ, ನೆಲ ನೋಡುತ್ತ.

ಜಗಲಿಯಿಂದ ಯಜಮಾನರ ದನಿ. "ಮೊಟ್ಟೆ ಮುಟ್ಟದವರ ಮನೆಯಲ್ಲಿ ಅಷ್ಟೊಂದು ಕೋಳಿ ಎಂತಕ್ಕೆ ಮಾರಾಯ್ತಿ?"

ಉತ್ತರ ಹುಡುಕುತ್ತ ನಾನು ಬೆವರುತ್ತಿದ್ದೆ. ಕಾಪಾಡಿದವಳು ಓರಗಿತ್ತಿಯೇ.

"ಎಂತ ಬಾವ, ಅಷ್ಟೂ ಗೊತ್ತಾಗಲ್ವಾ? ವಯಸ್ಸಿಗೆ ಬಂದ ನಾಲ್ಕು ಹೆಣ್ಣುಮಕ್ಕಳ ಮನೆ. ಬೆಳಿಗ್ಗೆ ಎಬ್ಬಿಸಲಿಕ್ಕೆ ಒಂದು ಕೋಳಿ ಎಲ್ಲಿ ಸಾಕಾಗುತ್ತೆ?"

೩. ಯಾರ ಹುಟ್ಟಿದಹಬ್ಬ?

ಓರಗಿತ್ತಿಯ ಕಣ್ಣು ವಾಸಿಯಾಯಿತು. ಒಲೆಯ ಮುಂದೆ ನಿಲ್ಲಬಹುದು ಎಂದು ಡಾಕ್ಟರು ಹೇಳಿದರು. ಆದರೆ ಅವಳು ಹರಿಹರಪುರದ ಬಸ್ಸು ಹತ್ತಲಿಲ್ಲ, ಕಥೆ ಮುಗಿದಿರಲಿಲ್ಲ. ಕರೆದುಕೊಂಡು ಹೋಗಲು ಬಂದ ಮೈದುನನಿಗೆ, "ಮೂರನೆಯವಳಿಗೆ ಒಂದು ದಾರಿಯಾಗಲಿ, ಬರ್ತೀನಿ," ಎಂದಳು. ಅವನಿಗೆ ಮೂವರು ಮಕ್ಕಳು, ಮೂವರೂ ಗಂಡು. ಅವನು ಜಾಸ್ತಿ ಕೇಳಲು ಹೋಗದೆ ಊಟ ಮಾಡಿ ಹೊರಟುಹೋದ.

ಹುಡುಗಿಯರ ವಯಸ್ಸು ಗೊಂದಲವಾಗದಿರಲಿ ಎಂದು ನಾನು ನಾಲ್ವರ ಹುಟ್ಟುಹಬ್ಬಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿದ್ದೆ. ಒಂದು ಸಂಜೆ ಸೊಸೆ ಶಾಲೆಯಿಂದ ಬಂದಾಗ ಮನೆ ತುಂಬ ಏಲಕ್ಕಿಯ ಪರಿಮಳ. ಎಲ್ಲರ ಮುಂದೆಯೂ ಶಾವಿಗೆ ಪಾಯಸದ ಬಟ್ಟಲು. ಅವಳಿಗೆ ಗಾಬರಿಯಾಯಿತು, ಮನೆಯಲ್ಲಿ ಯಾರದ್ದೋ ಹುಟ್ಟಿದಹಬ್ಬವನ್ನೇ ಮರೆತೆನೋ ಎಂದು ಕ್ಯಾಲೆಂಡರಿಗೆ ಓಡಿದಳು. ಅಲ್ಲಿ ನನ್ನ ಅಕ್ಷರದಲ್ಲಿ 'ಮೂರನೆಯವಳ ಜನ್ಮದಿನ' ಎಂದಿತ್ತು.

"ಯಾರ ಮನೆಯ ಮೂರನೆಯವಳು ಅತ್ತೆ?"

ನಾನು ಹೇಳಿದೆ. ಅವಳು ಬ್ಯಾಗು ಕೆಳಗಿಟ್ಟು, ಗಣಿತದ ಟೀಚರು ನಿಲ್ಲುವ ಹಾಗೆ ನಿಂತು ನಮ್ಮನ್ನೆಲ್ಲ ಒಮ್ಮೆ ನೋಡಿದಳು. ನನ್ನ ಮಗ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ. "ಹೋದ ತಿಂಗಳು ನನ್ನ ಹುಟ್ಟಿದಹಬ್ಬಕ್ಕೆ ಚಿತ್ರಾನ್ನ ಮಾಡಿದ್ದರು. ಈಗ ಸುಮ್ಮನೆ ತಿನ್ನು. ಮಾತಾಡಿದರೆ ಮುಂದಿನ ವರ್ಷ ಅದೂ ಇಲ್ಲ."

೪. ಭಂಡಿಗಡಿಯಿಂದ ಬಂದ ಸಂಬಂಧ

ನಮ್ಮ ಕಡೆ ಆಗ ಮದುವೆಯಾಗದ ಗಂಡುಗಳು ಮನೆಮನೆಯಲ್ಲೂ ಇದ್ದರು, ಹುಡುಗಿಯರು ಸಿಗುತ್ತಿರಲಿಲ್ಲ. ಸಂಬಂಧ ಹುಡುಕಿಕೊಡುವವರು ಚೀಲದಲ್ಲಿ ಜಾತಕ ತುಂಬಿಕೊಂಡು ಊರೂರು ಅಲೆಯುತ್ತಿದ್ದರು. ಅಂಥವರೊಬ್ಬರು ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತರು. ಒಳಗೆ ನಮ್ಮ ಓದು ನಡೆದಿತ್ತು.

ಓರಗಿತ್ತಿ ಹೇಳುತ್ತಿದ್ದಳು: "ದೊಡ್ಡವಳಿಗೆ ಆ ಕುಡುಕ ಬೇಡವೇ ಬೇಡ ಅಕ್ಕ. ಇಪ್ಪತ್ತು ತುಂಬಿತು, ನೋಡಲಿಕ್ಕೆ ಲಕ್ಷಣವಾಗಿದಾಳೆ. ಒಳ್ಳೆ ಕಡೆ ಸಿಗದೆ ಇರುತ್ತಾ?"

ಸಂಬಂಧದವರ ಕಿವಿ ನೆಟ್ಟಗಾಯಿತು. ದನಿ ತಗ್ಗಿಸಿ ಯಜಮಾನರನ್ನು ಕೇಳಿದರು. "ಒಳಗೆ ಯಾವ ಮನೆಯ ಹುಡುಗಿಯರ ವಿಷಯ?"

ಇಡೀ ಬೀದಿಗೆ ಗೊತ್ತಿದ್ದ ಕಥೆ ಇವರಿಗೂ ಗೊತ್ತಿರುತ್ತದೆ ಎಂದುಕೊಂಡ ಯಜಮಾನರು ಪೇಪರಿನಿಂದ ಕಣ್ಣೆತ್ತದೆ ಹೇಳಿದರು. "ಅದೇ, ನಾಲ್ಕು ಹುಡುಗಿಯರು. ತಂದೆ ಹಡಗಿನಲ್ಲಿ. ತಾಯಿ ಬೇಕರಿ ಇಟ್ಟಿದಾಳೆ."

"ಮನೆತನ ಹೇಗೆ?"

"ಮನೆತನಕ್ಕೆ ಎಂತ? ತಾಯಿ ಬಹಳ ಶುದ್ಧ."

ಅವರು ನೀರು ಸಹ ಕುಡಿಯದೆ ಎದ್ದು ಹೋದರು. ಎರಡು ದಿನ ಬಿಟ್ಟು ಭಂಡಿಗಡಿಯಿಂದ ಒಬ್ಬ ಹುಡುಗನ ತಾಯಿಯನ್ನು ಕರೆದುಕೊಂಡೇ ಬಂದರು. ಆಕೆ ರೇಷ್ಮೆ ಸೀರೆ ಉಟ್ಟು, ಬುಟ್ಟಿಯಲ್ಲಿ ಬಾಳೆಹಣ್ಣು, ಹೂವು ಇಟ್ಟುಕೊಂಡು ಬಂದಿದ್ದರು. ಕೈಯಲ್ಲಿ ಮಗನ ಫೋಟೋ. ಹೊಸ ಬೈಕಿನ ಮೇಲೆ ಕೂತ ಹುಡುಗ, ಬಿ.ಕಾಂ. ಅಂತೆ.

"ಹುಡುಗಿಯ ಕಡೆಯವರಿಗೆ ನಿಮ್ಮ ಮಾತು ಅಂದರೆ ವೇದವಂತೆ," ಎಂದರು ಆಕೆ. "ನೀವೇ ಮುಂದೆ ನಿಂತು ಮಾತಾಡಬೇಕು."

ವಿಷಯ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗದೆ ಇರಲು ಇನ್ನೂ ಕಷ್ಟವಾಯಿತು. ಪುಸ್ತಕ ತಂದು ರಟ್ಟಿನ ಮೇಲಿದ್ದ ನಾಲ್ವರು ಹುಡುಗಿಯರ ಚಿತ್ರ ತೋರಿಸಿ, ನಿಧಾನವಾಗಿ ವಿವರಿಸಿದೆ. ಸಂಬಂಧದವರು ರಟ್ಟನ್ನು ಬಹಳ ಹೊತ್ತು ನೋಡಿದರು. ಅಷ್ಟು ಸುಲಭಕ್ಕೆ ಕೈಬಿಡುವ ಪೈಕಿಯಲ್ಲ ಅವರು.

"ಹೋಗಲಿ ಅಮ್ಮ. ಇವರ ನೆಂಟರಿಷ್ಟರಲ್ಲಿ ಬೇರೆ ಯಾರಾದರೂ ಇದ್ದರೆ ನೋಡಿ."

ಅಷ್ಟು ದೂರದಿಂದ ಬಂದ ಆ ತಾಯಿಯನ್ನು ಬರಿಗೈಯಲ್ಲಿ ಕಳಿಸಲಿಕ್ಕಾಗುತ್ತದೆಯೇ? ಊಟ ಹಾಕಿದೆವು. ಸಂಜೆಯ ಬಸ್ಸಿನ ತನಕ ಹೊತ್ತಿತ್ತು, ಕಥೆಗೂ ಕೂರಿಸಿಕೊಂಡೆವು. ಆ ದಿನದ ಭಾಗದಲ್ಲಿ ದೊಡ್ಡವಳು ಆ ಕುಡುಕನನ್ನು ನಡುಬೀದಿಯಲ್ಲಿ ನಿಲ್ಲಿಸಿ ಅರ್ಧ ಪುಟ ಬೈಯುತ್ತಾಳೆ. ನಾನು ಅಭಿನಯ ಸಹಿತ ಓದಿದೆ. ಆಕೆ ಗಲ್ಲಕ್ಕೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಹೊರಡುವಾಗ ಹೊಸಿಲಲ್ಲಿ ನಿಂತು, ಬಾಳೆಹಣ್ಣಿನ ಬುಟ್ಟಿಯನ್ನು ವಾಪಸು ಎತ್ತಿಕೊಂಡು ಹೇಳಿದರು:

"ಹುಡುಗಿ ನಿಜವಾಗಿ ಇದ್ದಿದ್ದರೂ ನಾನು ಒಪ್ಪುತ್ತಿರಲಿಲ್ಲ ಬಿಡಿ. ಮಾತು ಜಾಸ್ತಿ."

೫. ಡಾಕ್ಟರು ಕನ್ನಡಕ ತೆಗೆದರು

ಆರನೆಯ ಭಾಗದ ಕೊನೆ ನಮ್ಮ ಮನೆಯ ನೆಮ್ಮದಿ ಕೆಡಿಸಿತು. ತಂದೆಯ ಹಡಗು ಬರುತ್ತದೆಂದು ನೋಡಲು ಹೋದ ಮೂರನೆಯವಳು ಚಳಿಗಾಲದ ಸಮುದ್ರಕ್ಕೆ ಬಿದ್ದುಬಿಡುತ್ತಾಳೆ. ಎತ್ತಿ ತರುತ್ತಾರೆ. ಮೊದಲೇ ದುರ್ಬಲವಾದ ಎದೆ, ಜ್ವರ ಏರುತ್ತದೆ. ತಾಯಿ ಬೇಕರಿಗೆ ಬೀಗ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತಾಳೆ. ಕೋಣೆಯ ಬಾಗಿಲು ತೆರೆಯುತ್ತದೆ. ಡಾಕ್ಟರು ಹೊರಗೆ ಬರುತ್ತಾರೆ. ಕನ್ನಡಕ ತೆಗೆದು ತಾಯಿಯ ಮುಖ ನೋಡುತ್ತಾರೆ.

ನಾನು ಪುಸ್ತಕ ಮುಚ್ಚಿದೆ.

"ಮುಂದೆ?" ಎಂದಳು ಓರಗಿತ್ತಿ.

"ಮುಗಿಯಿತು."

"ಎಂತ ಮುಗಿಯಿತು? ಡಾಕ್ಟರು ಬಾಯಿಯೇ ಬಿಡಲಿಲ್ಲ!"

"ಏಳನೆಯದರಲ್ಲಿ ಬಿಡುತ್ತಾರೆ. ಅದು ಇನ್ನೂ ಅಂಗಡಿಗೆ ಬಂದಿಲ್ಲ ಚಿಕ್ಕಜ್ಜಿ," ಎಂದಳು ಮೊಮ್ಮಗಳು.

ಕನ್ನಡಕ ತೆಗೆದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಸಂಜೆಯ ತನಕ ಚರ್ಚೆಯಾಯಿತು. ಕೆಟ್ಟ ಸುದ್ದಿ ಹೇಳುವವರೇ ಕನ್ನಡಕ ತೆಗೆಯುವುದು ಎಂದು ನನ್ನ ವಾದ. ಓರಗಿತ್ತಿ ಸ್ವಂತ ಅನುಭವ ಮುಂದಿಟ್ಟಳು. "ನನ್ನ ಕಣ್ಣಿನ ಡಾಕ್ಟರೂ ತೆಗೆದಿದ್ದರು. ಒರೆಸಿಕೊಳ್ಳಲಿಕ್ಕೆ." ಹಾಗೆಂದರೂ ಅವಳಿಗೆ ಸಮಾಧಾನವಿರಲಿಲ್ಲ. ಎದ್ದು ದೇವರ ಕೋಣೆಗೆ ಹೋದಳು. ದೀಪ ಹಚ್ಚಿ ಕೈಮುಗಿದು ಗಟ್ಟಿಯಾಗಿ ಹೇಳಿದ್ದು ನಮಗೆಲ್ಲ ಕೇಳಿತು. ಆ ಹುಡುಗಿ ಹುಷಾರಾಗಿ ಎದ್ದು ಕೂರುವ ತನಕ ತಾನು ಕಾಫಿ ಮುಟ್ಟುವುದಿಲ್ಲ.

ಕಾಫಿ! ಬೆಳಿಗ್ಗೆ ಎದ್ದ ಕೂಡಲೇ ಒಂದು ದೊಡ್ಡ ಲೋಟ, ತಿಂಡಿಯ ಜೊತೆ ಒಂದು, ಹತ್ತು ಗಂಟೆಗೆ ಒಂದು, ಯಾರಾದರೂ ಬಂದರೆ ಅವರ ನೆಪದಲ್ಲಿ ಒಂದು ಕುಡಿಯುವ ಹೆಂಗಸು.

ನಮ್ಮ ಯಜಮಾನರಿಗೆ ಮರುಕ ಬಂತು. ಒಬ್ಬಳೇ ವ್ರತ ಹಿಡಿಯುವುದು ಬೇಡ ಎಂದು, "ನಾನೂ ಒಂದು ಬಿಡುತ್ತೇನೆ ಹಾಗಾದರೆ," ಎಂದರು. "ಹಾಗಲಕಾಯಿ."

ಓರಗಿತ್ತಿ ಅವರನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಅವಳು ಕಾಶಿಗೆ ಹೋಗಿ ಹಲಸಿನ ಹಣ್ಣು ಬಿಟ್ಟು ಬಂದವಳು. ಪ್ರತಿ ಬೇಸಿಗೆಯಲ್ಲೂ ನಾವು ತೊಳೆ ಬಿಡಿಸುವಾಗ ಮುಖ ತಿರುಗಿಸಿ ಕೂರುವವಳು.

"ಬಾವ, ದೇವರಿಗೆ ಬುದ್ಧಿ ಇಲ್ಲ ಅಂತ ತಿಳಿದಿದೀರಾ? ಬಿಡುವುದಾದರೆ ಪ್ರೀತಿಯದನ್ನು ಬಿಡಬೇಕು. ನೀವು ಹುಟ್ಟಿದಾಗಿಂದ ಹಾಗಲಕಾಯಿ ತಟ್ಟೆಯ ಅಂಚಿಗೆ ತಳ್ಳುವುದು ಅವನು ನೋಡಿಲ್ವಾ?"

ಯಜಮಾನರು ಪೇಪರು ಎತ್ತಿಕೊಂಡರು. ಹಾಗಲಕಾಯಿಯ ವಿಷಯದಲ್ಲಿ ಅವಳೂ ಅವರ ಪಕ್ಷದವಳೇ ಎಂಬುದನ್ನು ಹೇಳುವ ಧೈರ್ಯ ಆಗ ನಮಗೆ ಯಾರಿಗೂ ಬರಲಿಲ್ಲ.

ಮರುದಿನದಿಂದ ಅವಳಿಗೆ ತಲೆನೋವು. ಕೊತ್ತಂಬರಿ ಕಷಾಯ ಮಾಡಿಕೊಟ್ಟರೆ, ಒಂದು ಗುಟುಕು ಕುಡಿದು ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದಳು. ಅವಳೆದುರು ಕಾಫಿ ಕುಡಿಯಲು ನಮಗೆ ಯಾರಿಗೂ ಮನಸ್ಸು ಬರಲಿಲ್ಲ. ಬಿಡಲೂ ಆಗಲಿಲ್ಲ. ಹೀಗಾಗಿ ಇಡೀ ಮನೆ ಕದ್ದು ಕುಡಿಯುವವರ ಮನೆಯಾಯಿತು. ಸೊಸೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕುಡಿಯುತ್ತಿದ್ದಳು. ಮಗ ಆಫೀಸಿಗೆ ಬೇಗ ಹೊರಡತೊಡಗಿದ. ನಾನು ಪಕ್ಕದ ಮನೆಗೆ ಕರಿಬೇವು ಕೇಳುವ ನೆಪದಲ್ಲಿ ದಿನಕ್ಕೆ ಎರಡು ಸಲ ಹೋಗುತ್ತಿದ್ದೆ. ಪಕ್ಕದ ಮನೆಯವರ ಗಿಡ ಬೋಳಾಯಿತು. ಯಜಮಾನರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮುಗಿಸಿ, ಬಾಯಲ್ಲಿ ಲವಂಗ ಹಾಕಿಕೊಂಡು ಬರುತ್ತಿದ್ದರು.

ಒಂದು ದಿನ ಅವರು ಒಳಗೆ ಕಾಲಿಟ್ಟ ಕೂಡಲೇ ಓರಗಿತ್ತಿ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು.

"ಬಾವ, ಹೋಟೆಲಿನವನಿಗೆ ಹೇಳಿ. ಚಿಕೋರಿ ಜಾಸ್ತಿಯಾಗಿದೆ."

೬. ನರಸಿಂಹರಾಜಪುರದಲ್ಲಿ ಇಳಿದ ಪಾರ್ಸೆಲ್ಲು

ಕೊನೆಗೂ ಶಿವಮೊಗ್ಗದಲ್ಲಿರುವ ನನ್ನ ಮಗಳಿಂದ ಫೋನು ಬಂತು. ಏಳನೆಯ ಭಾಗ ಅಂಗಡಿಗೆ ಬಂದಿದೆ, ಬೆಳಗಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ ಎಂದಳು. ನಮ್ಮ ಕಡೆ ಅಂಚೆಗಿಂತ ಇದೇ ವಾಡಿಕೆ. ಔಷಧಿ, ಕನ್ನಡಕ, ಹೊಲಿಸಿದ ರವಿಕೆ, ಎಲ್ಲವೂ ಹೀಗೆ ಬಸ್ಸಿನಲ್ಲೇ ಬರುವುದು. ಯಾವ ವಸ್ತುವೂ ಇದುವರೆಗೆ ತಪ್ಪಿದ್ದಿಲ್ಲ.

"ಕಳಿಸುವ ಮುಂಚೆ ಕೊನೆಯ ಪುಟ ನೋಡಿದೆಯಾ?" ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಬಿ.ಎ. ಮಾಡಿದವಳು ಹಾಗೆ ಕೇಳಬಾರದು ಎಂದು ನುಂಗಿಕೊಂಡೆ.

ಬಸ್ಸಿನ ಹೊತ್ತಿಗೆ ನಾನು, ಓರಗಿತ್ತಿ, ಮೊಮ್ಮಗಳು ಮೂವರೂ ಸ್ಟ್ಯಾಂಡಿನಲ್ಲಿ ಹಾಜರು. ಸೊಸೆ ಮನೆಯಲ್ಲಿ ಡಿಕಾಕ್ಷನ್ ಇಳಿಸಿಟ್ಟಿದ್ದಳು. ಬಸ್ಸು ಬಂತು. ಕಂಡಕ್ಟರು ನಮ್ಮನ್ನು ಕಂಡದ್ದೇ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ತಪ್ಪಾಯ್ತು ಅಮ್ಮ. ಪುಸ್ತಕ ನಮ್ಮನೇಲಿದೆ."

ಅವರ ಮನೆ ನರಸಿಂಹರಾಜಪುರದಲ್ಲಿ. ಬಸ್ಸು ಅಲ್ಲಿ ನಿಂತಾಗ ಅವರ ಮಗಳು ಊಟದ ಡಬ್ಬಿ ತಂದುಕೊಡುತ್ತಾಳೆ. ಪಾರ್ಸೆಲ್ಲಿನ ಕಾಗದ ಒಂದು ಮೂಲೆಯಲ್ಲಿ ಹರಿದು, ರಟ್ಟಿನ ಮೇಲಿನ ಹುಡುಗಿಯರಲ್ಲಿ ಒಬ್ಬಳ ಮುಖ ಹೊರಗೆ ಕಾಣುತ್ತಿತ್ತಂತೆ. ಮಗಳು ಕಿರುಚಿದಳಂತೆ. ಅವಳೂ ಶಾಲೆಯ ಲೈಬ್ರರಿಯಲ್ಲಿ ಆರು ಭಾಗ ಓದಿ, ಡಾಕ್ಟರು ಕನ್ನಡಕ ತೆಗೆದ ಜಾಗದಲ್ಲೇ ನಿಂತಿದ್ದವಳು. ಅಪ್ಪ ಟಿಕೆಟ್ ಹರಿಯುತ್ತಿದ್ದಾಗ ಡಬ್ಬಿ ಇಟ್ಟು, ಪುಸ್ತಕ ಎತ್ತಿಕೊಂಡು, "ನಾಳೆ ಕೊಡ್ತೀನಿ ಅಪ್ಪಾ!" ಎಂದು ಕೂಗಿ ಓಡಿದಳಂತೆ.

"ಬಸ್ಸು ಬಿಟ್ಟು ಅವಳ ಹಿಂದೆ ಓಡಲಿಕ್ಕೆ ಆಗಲಿಲ್ಲ ಅಮ್ಮ. ನಾಳೆ ಖಂಡಿತ ತರ್ತೀನಿ."

"ನಾಳೆಯಾ?" ಎಂದಳು ಓರಗಿತ್ತಿ. ಆ ಒಂದು ಮಾತಿನಲ್ಲಿ ಅಷ್ಟೂ ದಿನದ ತಲೆನೋವು ಇತ್ತು. ಕಂಡಕ್ಟರು ಒಂದು ಟಿಕೆಟ್ಟಿನ ಹಿಂದೆ ಮನೆಯ ಫೋನ್ ನಂಬರು ಬರೆದುಕೊಟ್ಟರು.

ಮನೆಗೆ ಬಂದು ನಾನೇ ಫೋನು ಹಚ್ಚಿದೆ. ಆ ಕಡೆ ಹುಡುಗಿಯ ದನಿ, ಮೂಗು ಕಟ್ಟಿದ ಹಾಗಿತ್ತು; ಓದುತ್ತ ಅತ್ತಿದ್ದಾಳೆ ಎಂದು ನನಗೆ ತಿಳಿಯಿತು. ಆದರೆ ಅಳು ಸಂತೋಷಕ್ಕೂ ಬರುತ್ತದೆ, ದುಃಖಕ್ಕೂ ಬರುತ್ತದೆ.

"ನೋಡು ಮಗಾ, ಪುಸ್ತಕ ನಾಳೆಯೇ ಕೊಡು, ಅಡ್ಡಿಲ್ಲ. ಒಂದೇ ಒಂದು ವಿಷಯ ಹೇಳು. ಮೂರನೆಯವಳು..."

"ಅ‌ಯ್ಯೋ, ಬೇಡ ಅಜ್ಜಿ! ನಾನು ಹೇಳಿಬಿಟ್ಟರೆ ನಿಮಗೆ ಓದಲಿಕ್ಕೆ ಎಂತ ಮಜಾ ಇರುತ್ತೆ?"

ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ ನನ್ನ ಮೊಮ್ಮಗಳು ಮೆಲ್ಲಗೆ ಹೇಳಿದಳು. "ಬೇರೆಯವರ ಎಲೆಯಿಂದ ಹೋಳಿಗೆ ಎತ್ತಿ ತಿಂದ ಹಾಗೆ."

ಅವಳನ್ನು ಬೈಯಲು ಹೊತ್ತಿರಲಿಲ್ಲ. ನಾನು ವಾದ ಮಾಡಿದೆ, ಗದರಿದೆ, ನನ್ನ ಪದವಿಯನ್ನೂ ಹೇಳಿಕೊಂಡೆ. ಹುಡುಗಿ ಜಗ್ಗಲಿಲ್ಲ. ಕೊನೆಗೆ ಓರಗಿತ್ತಿ ನನ್ನ ಕೈಯಿಂದ ರಿಸೀವರು ಕಿತ್ತುಕೊಂಡಳು. ಅವಳು ವಾದಕ್ಕೆ ಹೋಗಲಿಲ್ಲ. ತಣ್ಣಗೆ, ಒಂದೇ ಮಾತು ಹೇಳಿದಳು.

"ಮಗಾ, ಅವಳು ಹುಷಾರಾಗುವ ತನಕ ಕಾಫಿ ಕುಡಿಯಲ್ಲ ಅಂತ ನಾನು ದೇವರ ಮುಂದೆ ಹೇಳಿದೀನಿ."

ಲೈನು ಹೋಯಿತೇನೋ ಎಂದು ನಾನು ತಂತಿ ಅಲ್ಲಾಡಿಸಿದೆ. ಯಜಮಾನರು ಪೇಪರು ಮಡಚಿ ಬಾಗಿಲಿಗೆ ಬಂದು ನಿಂತಿದ್ದರು. ಸೊಸೆ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಿದ್ದಳು.

ಆಮೇಲೆ ನರಸಿಂಹರಾಜಪುರದ ಹುಡುಗಿ, ಕಥೆಯ ಕೊನೆಯನ್ನು ಒಂದಕ್ಷರವೂ ಬಿಟ್ಟುಕೊಡದೆ, ಬಹಳ ಗಂಭೀರವಾಗಿ ಹೇಳಿದಳು.

"ಅಜ್ಜಿ, ನೀವು ಕಾಫಿ ಕುಡೀರಿ."

ಮನೆಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಮನೆಯವರು ಓಡಿ ಬಂದರು. ನನಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕನ್ನಡಕ ತೆಗೆಯಬೇಕಾಯಿತು. ಸೊಸೆ ಬಿಸಿ ಕಾಫಿಯನ್ನು ದೊಡ್ಡ ಲೋಟದಲ್ಲಿ, ನೊರೆ ಉಕ್ಕುವ ಹಾಗೆ ತಂದಳು. ಓರಗಿತ್ತಿ ಒಂದು ಕೈಯಲ್ಲಿ ರಿಸೀವರು, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ಮೊದಲು ಪರಿಮಳ ನೋಡಿದಳು. ಇನ್ನೇನು ತುಟಿಗೆ ಮುಟ್ಟಬೇಕು, ರಿಸೀವರಿನಿಂದ ಮತ್ತೆ ಆ ಹುಡುಗಿಯ ದನಿ.

"ಆದರೆ ಅಜ್ಜಿ, ಆಮೇಲೆ ಅವರಮ್ಮನಿಗೆ..."

ಓರಗಿತ್ತಿ ರಿಸೀವರಿನ ಬಾಯಿ ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ, ಅದನ್ನು ಎದೆಗೆ ಒತ್ತಿಕೊಂಡಳು. ಲೋಟ ಎತ್ತಿದಳು. ನಿಧಾನವಾಗಿ, ಗುಟುಕು ಗುಟುಕಾಗಿ, ತಳದಲ್ಲಿ ಉಳಿದ ಸಕ್ಕರೆಯ ತನಕ ಕುಡಿದಳು. ಖಾಲಿ ಲೋಟವನ್ನು ಸೊಸೆಯ ಕಡೆ ಚಾಚಿ ಇನ್ನೊಂದು ಹಾಕಿಸಿಕೊಂಡಳು. ಅದನ್ನೂ ಮುಗಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ರಿಸೀವರು ಕಿವಿಗೆ ಇಟ್ಟು, ಒಂದು ಸಲ ನಮ್ಮ ಯಜಮಾನರ ಮುಖ ನೋಡಿ, ಆ ಹುಡುಗಿಗೆ ಹೇಳಿದಳು:

"ಈಗ ಹೇಳು ಮಗಾ. ಅವರಮ್ಮನಿಗೆ ಏನೇ ಆಗಿದ್ದರೂ ಹೆದರಬೇಡ. ಈ ಸಲ ಹಾಗಲಕಾಯಿ ಬಿಡ್ತೀನಿ."